ಫೋರ್ಟ್ ಕೊಚ್ಚಿಯ ಹೆಮ್ಮರಗಳನ್ನು ನೆಟ್ಟವರು ಪೋರ್ಚುಗೀಸರೇ?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿದ್ದೆವು. ರಸ್ತೆಗಳ ಮೇಲೆ ಚಪ್ಪರದಂತೆ ಹರಡಿಕೊಂಡಿರುವ ಮರಗಳು ಐನೂರು ವರ್ಷ ಹಳೆಯವು, ಪೋರ್ಚುಗೀಸರೇ ನೆಟ್ಟದ್ದು ಎಂದು ಆಟೊ ಚಾಲಕರು ಹೇಳಿದರು. ನಮ್ಮ ಕಾಫಿ ತೋಟದಲ್ಲೂ ಅಷ್ಟು ದಪ್ಪದ ಮರಗಳಿಲ್ಲ. ಇದು ನಿಜವೇ?
– ಮೂಡಿಗೆರೆಯ ಓದುಗರು

ಉತ್ತರ: ನಿಜವಲ್ಲ. ಆದರೆ ಹಾಗೆ ನಂಬುವುದು ಸಹಜವೇ ಆಗಿರುವುದರಿಂದ, ಅಲ್ಲಿಗೆ ಹೋಗಿಬಂದ ಮಲೆನಾಡಿನ ಅನೇಕರು ಇದೇ ಪ್ರಶ್ನೆಯನ್ನು ಕೇಳುತ್ತಾರೆ.

ನೀವು ಕಂಡದ್ದು ಮಳೆಮರ, ಅಂದರೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿಯೂ ಇರುವ ರೈನ್ ಟ್ರೀ. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ ಅದರ ತವರು. ಅದು ಭಾರತದ ನೆಲದಲ್ಲಿ ಬೇರು ಬಿಟ್ಟದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಪೋರ್ಚುಗೀಸರಾದರೋ 1663ರಲ್ಲಿಯೇ ಕೊಚ್ಚಿಯನ್ನು ಡಚ್ಚರಿಗೆ ಕಳೆದುಕೊಂಡಿದ್ದರು. ಡಚ್ಚರಿಂದ ಅದು 1795ರಲ್ಲಿ ಬ್ರಿಟಿಷರ ವಶವಾಯಿತು. ಹೀಗಾಗಿ ಈ ಮರಗಳನ್ನು ಬ್ರಿಟಿಷರ ಕಾಲಕ್ಕಿಂತ ಹಿಂದಕ್ಕೆ ಒಯ್ಯಲು ಬರುವುದಿಲ್ಲ.

ದಪ್ಪ ನೋಡಿ ವಯಸ್ಸು ಅಂದಾಜು ಮಾಡುವ ನಮ್ಮ ರೂಢಿಯೇ ಇಲ್ಲಿ ದಾರಿ ತಪ್ಪಿಸುತ್ತದೆ. ತೋಟದ ಬೀಟೆ ಮರವು ತಬ್ಬಿಗೆ ಸಿಗದಷ್ಟು ದಪ್ಪವಾಗಲು ತಲೆಮಾರುಗಳೇ ಬೇಕು. ಮಳೆಮರಕ್ಕೆ ಆ ನಿಧಾನವಿಲ್ಲ; ನೀರು, ಬಿಸಿಲು ಮತ್ತು ಕೊಂಬೆ ಚಾಚಲು ಜಾಗ ದೊರೆತರೆ ಕೆಲವೇ ದಶಕಗಳಲ್ಲಿ ಅದು ಶತಮಾನಗಳ ಗಾಂಭೀರ್ಯವನ್ನು ತಳೆಯುತ್ತದೆ.

ಆ ಜಾಗ ಅಲ್ಲಿ ಹೇಗೆ ಒದಗಿತು ಎಂಬುದು ಊರಿನ ಚರಿತ್ರೆಗೆ ಸೇರಿದ ಮಾತು. 1341ರ ಪೆರಿಯಾರ್ ಪ್ರವಾಹದಲ್ಲಿ ಹಳೆಯ ಮುಜಿರಿಸ್ ಬಂದರು ಹೂಳು ತುಂಬಿ, ಕೊಚ್ಚಿಯ ಅಳಿವೆ ತೆರೆದುಕೊಂಡಿತೆಂದು ಚರಿತ್ರಕಾರರು ಹೇಳುತ್ತಾರೆ. ಪೋರ್ಚುಗೀಸರು 1503ರಲ್ಲಿ ಅಲ್ಲಿ ಕೋಟೆ ಕಟ್ಟತೊಡಗಿದರು. ಕೋಟೆಯೊಳಗಿನ ಊರು ಇಕ್ಕಟ್ಟಾಗಿರುವುದು ಸಹಜ. ಡಚ್ಚರು ಬಂದ ಮೇಲೆ ಅದನ್ನು ಮತ್ತಷ್ಟು ಕುಗ್ಗಿಸಿದರು. ಬ್ರಿಟಿಷರು 1806ರಲ್ಲಿ ಕೋಟೆಗೋಡೆಗಳನ್ನೇ ಉರುಳಿಸಿದ್ದರಿಂದ ಊರಿನ ಅಂಚು ಬಯಲಾಯಿತು. ಕವಾಯತಿನ ಮೈದಾನ ಮತ್ತು ಬಂಗಲೆಗಳ ಅಗಲ ಅಂಗಳಗಳಿದ್ದ ಇಂಥ ಊರಿನಲ್ಲಿ, ಹತ್ತಾರು ಮೀಟರ್ ನೆರಳು ಚೆಲ್ಲುವ ಮರಕ್ಕೆ ಇಕ್ಕಟ್ಟಾಗಲಿಲ್ಲ. ಇಂದು ಪ್ರವಾಸಿಗರು "ಪೋರ್ಚುಗೀಸ್ ಊರು" ಎಂದು ಚಿತ್ರ ತೆಗೆಯುವ ಹಸಿರು ನೋಟದ ಬಹುಭಾಗ ಕೋಟೆ ಹೋದ ಮೇಲಿನದು ಎಂದೇ ನನ್ನ ಅಭಿಪ್ರಾಯ.

ಸಸ್ಯಗಳಲ್ಲಿ ಪೋರ್ಚುಗೀಸರ ಗುರುತು ಬೇಕೆಂದಾದರೆ ಮೂಡಿಗೆರೆಯಲ್ಲೇ ಹುಡುಕಬಹುದು: ಗೇರು, ಅನಾನಸು, ಸೀಬೆ, ಅಡುಗೆಮನೆಯ ಮೆಣಸಿನಕಾಯಿ, ಇವೆಲ್ಲ ಅವರ ಹಡಗಿನ ವ್ಯಾಪಾರದೊಂದಿಗೆ ನಮ್ಮ ಕರಾವಳಿಗೆ ಬಂದಿಳಿದವು. ಕೊಚ್ಚಿಯಲ್ಲಿ ಅವರ ಕಾಲದ್ದನ್ನು ನೋಡಬಯಸುವವರು ಸಂತ ಫ್ರಾನ್ಸಿಸ್ ಚರ್ಚಿಗೆ ಹೋಗಬೇಕು. 1524ರಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಅಲ್ಲಿಯೇ. ಮುಂದೆ ಅವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಸಾಗಿಸಲಾಯಿತು.

ಇನ್ನು ಮರದ ವಿಚಾರ. ಮುಂದಿನ ಬಾರಿ ಹೋದಾಗ ತುಸು ನಿಂತು ಕೊಂಬೆಗಳನ್ನು ನೋಡಿ. ಒರಟು ತೊಗಟೆಯ ಸಂದುಗಳಲ್ಲಿ ಜರಿಗಿಡಗಳು ಸಾಲುಗಟ್ಟಿರುತ್ತವೆ. ತೋಟದವರು ಬಂದಳಿಕೆ ಎಂದು ಕತ್ತಿಗೆ ಕೈ ಹಾಕುವ ಅಗತ್ಯವಿಲ್ಲ; ಬಂದಳಿಕೆ ಮರದ ರಸ ಹೀರುತ್ತದೆ, ಜರಿಗಿಡವಾದರೋ ಆಸರೆ ಪಡೆಯುತ್ತದೆಯಷ್ಟೆ. ಮೋಡ ಕವಿದಾಗ ಮತ್ತು ಸಂಜೆ ಎಲೆಗಳು ಜೋಡಿಯಾಗಿ ಮಡಚಿಕೊಳ್ಳುವುದರಿಂದ, ಹಗಲಿನಲ್ಲಿ ದಟ್ಟವಾಗಿದ್ದ ನೆರಳಿನ ನಡುವೆ ಆಗ ಆಕಾಶ ಕಾಣಿಸುತ್ತದೆ. ದಡದಲ್ಲಿ ಮೀನು ಹಿಡಿಯುವ ಬೆಳ್ಳಕ್ಕಿ ಮತ್ತು ನೀರುಕಾಗೆಗಳಿಗೆ ರಾತ್ರಿ ತಂಗಲು ಇಂಥ ಅಗಲವಾದ ಮರಗಳು ಅನುಕೂಲ. ಕೆಳಗೆ ಕಾರು ನಿಲ್ಲಿಸಿದವರಿಗೆ ಇದು ಬೆಳಿಗ್ಗೆ ತಾನೇ ತಿಳಿಯುತ್ತದೆ.

ಬೇಗ ಬೆಳೆಯುವ ಈ ಮರಕ್ಕೆ ಒಂದು ದೌರ್ಬಲ್ಯವೂ ಉಂಟು. ಬೇರು ಆಳಕ್ಕಿಂತ ಅಗಲಕ್ಕೇ ಹೆಚ್ಚು ಹರಡುತ್ತದೆ. ಕೊಂಬೆಗಳ ಭಾರವೂ ಅಪಾರ. ಬುಡದವರೆಗೆ ಕಾಂಕ್ರೀಟು ಹಾಕಿ, ಚರಂಡಿಗೆಂದು ಒಂದು ಕಡೆಯ ಬೇರು ಕಡಿದರೆ, ಮುಂಗಾರಿನ ಗಾಳಿಗೆ ಅದು ಬುಡಮೇಲಾಗುವ ಸಂಭವ ಹೆಚ್ಚು. ಒಂದೇ ಕಾಲಾವಧಿಯಲ್ಲಿ ನೆಟ್ಟ ಸಾಲುಮರಗಳು ಒಂದೇ ಕಾಲಕ್ಕೆ ಮುದಿಯಾಗುವುದರಿಂದ, ಹಳೆಯವು ನಿಂತಿರುವಾಗಲೇ ಅವುಗಳ ನಡುವೆ ಹೊಸ ಸಸಿಗಳನ್ನು ಬೆಳೆಸಬೇಕಾಗುತ್ತದೆ.