ಮಾಪ್ಸಾದ ಮಿಲಾಗ್ರಿಸ್: ಚರ್ಚಿಗೆ ಗುಡಿಯಿಂದ ಎಣ್ಣೆ ಬಂದದ್ದು ಹೇಗೆ?

ಗೋವಾದ ಮಾಪ್ಸಾ ಪೇಟೆಯಲ್ಲಿ ಯಾರನ್ನಾದರೂ 'ಸಂತ ಜೆರೋಮ್ ಚರ್ಚ್ ಎಲ್ಲಿದೆ?' ಅಂತ ಕೇಳಿ ನೋಡಿ. ತಲೆ ಕೆರೆದುಕೊಳ್ಳುವವರೇ ಜಾಸ್ತಿ. ದಾಖಲೆಯಲ್ಲಿ ಹೆಸರು ಅದೇ. ಆದರೆ ಊರಿಗೆಲ್ಲ ಅದು ಮಿಲಾಗ್ರಿಸ್, ಪವಾಡದ ಮಾತೆಯ ಚರ್ಚ್. ಈಸ್ಟರ್ ಕಳೆದ 15ನೇ ದಿನ, ಸೋಮವಾರ, ಇಲ್ಲಿ ಫೆಸ್ತ್, ಅಂದರೆ ಚರ್ಚಿನ ಹಬ್ಬ. ಅವತ್ತು ಸಾಲಿನಲ್ಲಿ ಶಿಲುಬೆ ಹಾಕಿದವರೂ ಇರುತ್ತಾರೆ, ಹಣೆಗೆ ಕುಂಕುಮ ಇಟ್ಟವರೂ ಇರುತ್ತಾರೆ. ಕೈಯಲ್ಲಿ ಮೇಣದಬತ್ತಿ, ಹೂವು, ಜೊತೆಗೆ ಎಣ್ಣೆ. ಮಾಪ್ಸಾದಲ್ಲಿ ದುಡಿಯಲು ಬಂದ ಉತ್ತರ ಕರ್ನಾಟಕದವರಿಗೆ ಮೇಣದಬತ್ತಿ ಅರ್ಥವಾಗುತ್ತದೆ. ಚರ್ಚಿಗೆ ಎಣ್ಣೆ ಯಾಕೆ ಅನ್ನುವುದೇ ಪ್ರಶ್ನೆ.

ಜನ ಹೇಳುವ ಕಥೆ ಹೀಗಿದೆ. ಏಳು ಜನ ಅಕ್ಕತಂಗಿ ದೇವಿಯರು. ಶಿರಗಾಂವದ ಲೈರಾಯಿ, ಮೋರ್ಜಿಯ ಮೋರ್ಜಾಯಿ, ಮಯೆಯ ಮಹಾಮಾಯೆ, ಕೇಳಬಾಯಿ, ಹೀಗೆ ಒಬ್ಬೊಬ್ಬರು ಒಂದೊಂದು ಕಡೆ ನೆಲೆಯಾದರು. ಮಿರಾಬಾಯಿ ಮಾಪ್ಸಾಕ್ಕೆ ಬಂದು ಕ್ರೈಸ್ತಳಾದಳು. ಅವಳೇ ಮಿಲಾಗ್ರಿಸ್ ಸಾಯ್ಬಿಣ್, ಅಂದರೆ ಮಿಲಾಗ್ರಿಸ್ ಮಾತೆ. ತಂಗಿಯ ಹಬ್ಬಕ್ಕೆ ಲೈರಾಯಿ ಗುಡಿಯಿಂದ ಎಣ್ಣೆ ಬರುತ್ತಿತ್ತು. ಲೈರಾಯಿಯ ಜಾತ್ರೆಗೆ ಇಲ್ಲಿಂದ ಮಲ್ಲಿಗೆ ಹೋಗುತ್ತಿತ್ತು. ತವರಿನ ಕಡೆಯವರು ಉಡಿ ತುಂಬಿ ಕಳಿಸಿದ ಹಾಗೆ. ದ್ಯಾಮವ್ವ, ದುರ್ಗವ್ವ ಅಕ್ಕತಂಗಿಯರು ಅಂತ ಕೇಳುತ್ತಲೇ ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಕಥೆ ಇರಲಿ, ನಕಾಶೆ ನೋಡಿ. ಮಾಪ್ಸಾ ಇರುವುದು ಬಾರ್ದೇಸ್ ತಾಲೂಕಿನಲ್ಲಿ. 1543ರಲ್ಲೇ ಅದು ಪೋರ್ಚುಗೀಸರ ಕೈಸೇರಿತು. ಮತಪ್ರಚಾರದ ಹೊಣೆ ಫ್ರಾನ್ಸಿಸ್ಕನ್ ಪಾದ್ರಿಗಳಿಗೆ ಬಂತು. ಆ ಶತಮಾನ ಮುಗಿಯುವುದರೊಳಗೆ ತಾಲೂಕಿನ ಗುಡಿಗಳು ನೆಲಕ್ಕುರುಳಿದ್ದವು. ಮಾಪ್ಸಾದ ಚರ್ಚ್ ಎದ್ದದ್ದು 1594ರಲ್ಲಿ. ಶಿರಗಾಂವ ಮಾತ್ರ ಪಕ್ಕದ ಡಿಚೋಲಿ ತಾಲೂಕಿಗೆ ಸೇರಿದ ಊರು. ಅಲ್ಲಿಗೆ ಪೋರ್ಚುಗೀಸರು ಕಾಲಿಟ್ಟು ನಿಂತದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಅಷ್ಟರಲ್ಲಿ ಗುಡಿ ಕೆಡವುವ ಕಾಲ ಮುಗಿದಿತ್ತು. ಹಾಗಾಗಿ ಅಕ್ಕನಿಗೆ ಗುಡಿ ಉಳಿಯಿತು, ತಂಗಿಗೆ ಚರ್ಚ್ ಆಯಿತು. ಗಡಿಯ ಆಚೆ ಈಚೆ ಹರಿದುಹೋದ ಬಂಧುತ್ವಕ್ಕೆ ಜನರೇ ಹಾಕಿದ ಹೊಲಿಗೆ ಈ ಕಥೆ ಅಂತ ನನಗನ್ನಿಸುತ್ತದೆ. ಪಾದ್ರಿಗಳಾಗಲಿ ಪೂಜಾರಿಗಳಾಗಲಿ ಕೂತು ಬರೆದದ್ದಲ್ಲ.

ಇಂಥ ಬಳಕೆಗಳನ್ನು ಅಳಿಸುವ ಪ್ರಯತ್ನ ಕಡಿಮೆಯೇನೂ ನಡೆದಿರಲಿಲ್ಲ. ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಮತ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, 1560ರಲ್ಲಿ ಶುರುವಾಗಿ 1812ರವರೆಗೆ ನಡೆಯಿತು. 1736ರ ಆಜ್ಞೆಯೊಂದು ಮದುವೆಯಲ್ಲಿ ಎಲೆ ಅಡಿಕೆ, ಹೂವು ಹಂಚುವುದನ್ನೂ, ಮನೆ ಮುಂದೆ ತುಳಸಿ ನೆಡುವುದನ್ನೂ ಬಿಡಲಿಲ್ಲ. ಎಲ್ಲಕ್ಕೂ ನಿಷೇಧ. ಇನ್‌ಕ್ವಿಸಿಷನ್ನಿನ ಕಾಟ, ಬರಗಾಲ, ಮರಾಠರ ದಾಳಿ ತಾಳಲಾರದೆ ಬಾರ್ದೇಸಿನ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ, ಕೆನರಾ ಕಡೆಗೆ ಹೊರಟವು. ಮಂಗಳೂರಿನ ಹಂಪನಕಟ್ಟೆಯಲ್ಲಿ 1680ರಲ್ಲಿ ಶುರುವಾದ ಮಿಲಾಗ್ರಿಸ್ ಚರ್ಚ್ ಇದೆ, ಉಡುಪಿ ಹತ್ತಿರದ ಕಲ್ಯಾಣಪುರದಲ್ಲೂ ಒಂದಿದೆ. ಕರಾವಳಿಯ ಕ್ಯಾಥೋಲಿಕರಿಗೆ ಮಾಪ್ಸಾದ ಈ ತಾಯಿ ಹೊಸಬಳಲ್ಲ.

ಕಟ್ಟಡದ ಕಥೆಯೂ ಸುಖದ್ದಲ್ಲ. 1719ರಲ್ಲಿ ಹೊಸದಾಗಿ ಕಟ್ಟಿದ್ದು 1838ರಲ್ಲಿ ಬೆಂಕಿಗೆ ಸಿಕ್ಕಿತು. ಮರುವರ್ಷವೇ ಮತ್ತೆ ಎದ್ದಿತು. ಅದಕ್ಕೆ ಸ್ವಲ್ಪ ಮುಂಚೆ, 1835ರಲ್ಲಿ, ಪೋರ್ಚುಗೀಸ್ ಸರ್ಕಾರ ಗೋವಾದ ಮಠಗಳನ್ನು ಮುಚ್ಚಿಸಿತ್ತು. ಹೀಗೆ ಹಳೇ ಗೋವಾ ಹತ್ತಿರದ ದೌಜಿಂನಲ್ಲಿ ಪಾಳುಬಿದ್ದ ಮಠವೊಂದರ ಆಲ್ತಾರುಗಳು, ಅಂದರೆ ಪೂಜಾಪೀಠಗಳು, ಇಲ್ಲಿಗೆ ಬಂದವು. ಒಳಗೆ ಹೋದಾಗ ಕಾಣುವ ಆ ಮರದ ಕೆತ್ತನೆ ಈ ಊರಿಗಾಗಿ ಮಾಡಿದ್ದೇ ಅಲ್ಲ. 1961ರಲ್ಲಿ ಭಾರತದ ಸೈನ್ಯವನ್ನು ತಡೆಯಲು ಪೋರ್ಚುಗೀಸರು ಹತ್ತಿರದ ಸೇತುವೆ ಸಿಡಿಸಿದಾಗ ಚಾವಣಿಗೂ ಪೆಟ್ಟು ಬಿತ್ತು.

ಫೆಸ್ತಿನ ಇನ್ನೊಂದು ಮುಖ ಹೊರಗಿನ ಸಂತೆ. ಗೋವಾದವರು ಇದನ್ನು ಪುರ್ಮೆಂತಿನ ಫೆಸ್ತ್ ಅನ್ನುತ್ತಾರೆ. ಪುರ್ಮೆಂತ್ ಅಂದರೆ ಮಳೆಗಾಲಕ್ಕೆ ಕೂಡಿಡುವ ದಿನಸಿ. ಒಣಮೀನು, ಮೆಣಸಿನಕಾಯಿ, ಹುಣಸೆ, ಕೋಕಂ ಸಿಪ್ಪೆ, ಈರುಳ್ಳಿ ಎಲ್ಲ ಇಲ್ಲೇ ಆಗಬೇಕು. ಮೀನುಗಾರಿಕೆ ನಿಂತು, ರಸ್ತೆ ಕೆಟ್ಟು, ಪೇಟೆಗೆ ಬರುವುದೇ ಕಷ್ಟವಾಗಿದ್ದ ಕಾಲದಲ್ಲಿ ಈ ಸಂತೆ ತಪ್ಪಿದರೆ ಮಳೆಗಾಲವಿಡೀ ಪರದಾಟ. ಈಗ ಫ್ರಿಜ್ ಇದೆ, ಸೂಪರ್‌ಮಾರ್ಕೆಟ್ ಇದೆ. ಆದರೂ ಸಂತೆ ನಡೆಯುತ್ತಿದೆ. ಜಾತ್ರೆಯ ತಿಂಡಿಯಾದ ಬೆಲ್ಲದ ಖಾಜೆ ಕಟ್ಟಿಸಿಕೊಳ್ಳದೆ ಮನೆಗೆ ಹೋಗುವವರು ಕಡಿಮೆ. ಮೆಣಸಿನಕಾಯಿ ಅಂಗಡಿ ಮುಂದೆ ಚೌಕಾಸಿ ಕೊಂಕಣಿಯಲ್ಲಿ ಶುರುವಾಗಿ, ಮಾರುವವನ ಊರು ಗೊತ್ತಾದ ಮೇಲೆ ಕನ್ನಡಕ್ಕೆ ತಿರುಗುವುದೂ ಉಂಟು. ಬೆಲೆಯೇನೂ ಅದರಿಂದ ಇಳಿಯುವುದಿಲ್ಲ, ಬಿಡಿ.