ಮುಲಾಮು ಹಚ್ಚುವವರು ಯಾರು?

ಸೂಜಿ ಚುಚ್ಚುವ ಜಾಗವನ್ನು ಮೊದಲೇ ಮರಗಟ್ಟಿಸುವ ಮುಲಾಮು ಒಂದಿದೆ. ಲಿಡೊಕೇನ್ ಮತ್ತು ಪ್ರಿಲೊಕೇನ್ ಬೆರೆಸಿದ ಬಿಳಿ ಕ್ರೀಮು. ಮಗುವಿನ ಕೈ ಮೇಲೆ ರಕ್ತನಾಳ ಕಾಣುವ ಕಡೆ ದಪ್ಪಗೆ ಹಚ್ಚಿ, ಮೇಲೊಂದು ಪಾರದರ್ಶಕ ಪಟ್ಟಿ ಅಂಟಿಸಿ, ಒಂದು ಗಂಟೆ ಬಿಟ್ಟರೆ ಸೂಜಿಯ ನೋವು ಬಹಳಷ್ಟು ತಗ್ಗುತ್ತದೆ. ಅಪರೂಪದ ಔಷಧವೇನಲ್ಲ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದರ ಉಪಯೋಗ ಡಾಕ್ಟರಿಗೂ ಗೊತ್ತು, ಸಿಸ್ಟರಿಗೂ ಗೊತ್ತು. ಆದರೂ ಮುಂಬೈಯಲ್ಲಿ ರಕ್ತ ಪರೀಕ್ಷೆಗೆ ಬರುವ ಹೆಚ್ಚಿನ ಮಕ್ಕಳು ಇದಿಲ್ಲದೆಯೇ ಚುಚ್ಚಿಸಿಕೊಳ್ಳುತ್ತಾರೆ.

ತೊಡಕಿರುವುದು ಆ ಒಂದು ಗಂಟೆಯಲ್ಲಿ. ಓಪಿಡಿಯಲ್ಲಿ ಡಾಕ್ಟರು ಕೇಸ್ ಪೇಪರಿನ ಮೇಲೆ ರಕ್ತ ಪರೀಕ್ಷೆ ಬರೆಯುವುದು ಹತ್ತು ಗಂಟೆಗೆ ಅಂತಿಟ್ಟುಕೊಳ್ಳಿ. ಟೋಕನ್ ಯಾವಾಗ ಕೂಗುತ್ತಾರೋ ಯಾರಿಗೂ ಗೊತ್ತಿಲ್ಲ. ಐದು ನಿಮಿಷದಲ್ಲೂ ಕೂಗಬಹುದು, ಎರಡು ಗಂಟೆ ಆಗಲೂಬಹುದು. ರಕ್ತ ತೆಗೆಯುವ ಕೋಣೆಯ ಸಿಸ್ಟರ್ ಮುಂದೆ ಉದ್ದನೆಯ ಸಾಲು. ಔಷಧಿ ಅಂಗಡಿ ಇರುವುದು ಇನ್ನೊಂದು ಕಟ್ಟಡದಲ್ಲಿ. ಅಮ್ಮನಿಗೆ ಇಂಥದ್ದೊಂದು ಕ್ರೀಮು ಇದೆಯೆಂದು ಯಾರೂ ಹೇಳಿಲ್ಲ. ಇವರಲ್ಲಿ ಯಾರೂ ಕಲ್ಲೆದೆಯವರಲ್ಲ, ಎಲ್ಲರೂ ಅವರವರ ಕೆಲಸ ಮಾಡುತ್ತಿದ್ದಾರೆ. ಮುಲಾಮು ಹಚ್ಚುವುದು ಮಾತ್ರ ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲ.

ಮಕ್ಕಳ ನೋವಿನ ಚಿಕಿತ್ಸೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನನ್ನ ಖಚಿತ ಅಭಿಪ್ರಾಯ ಇದು: ಔಷಧಿಯ ಕೊರತೆಯಿಂದ, ತಿಳಿವಳಿಕೆಯ ಕೊರತೆಯಿಂದ ನರಳುವ ಮಕ್ಕಳಿಗಿಂತ, ಈ "ಯಾರ ಕೆಲಸವೂ ಅಲ್ಲ" ಎಂಬ ಕಾರಣಕ್ಕೆ ನರಳುವ ಮಕ್ಕಳೇ ಹೆಚ್ಚು.

ಪರೇಲಿನ ಸುತ್ತಮುತ್ತ ಟಾಟಾ, ಕೆಇಎಂ, ವಾಡಿಯಾ ಹೀಗೆ ದೊಡ್ಡ ಆಸ್ಪತ್ರೆಗಳೆಲ್ಲ ಒಂದೇ ಕಡೆ ಇವೆ. ಕಲಬುರಗಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬರುವ ನಮ್ಮವರು ಧರ್ಮಶಾಲೆಯಲ್ಲೋ, ಡೊಂಬಿವಲಿ-ಕಲ್ಯಾಣದ ನೆಂಟರ ಮನೆಯಲ್ಲೋ ತಿಂಗಳುಗಟ್ಟಲೆ ಇರುತ್ತಾರೆ. ರಕ್ತದ ಕ್ಯಾನ್ಸರಿನ ಚಿಕಿತ್ಸೆಯೆಂದರೆ ಪದೇ ಪದೇ ಸೂಜಿ. ಕೈಗೆ, ಬೆನ್ನಿಗೆ, ಸೊಂಟದ ಮೂಳೆಗೆ. ಇಂಡಿ ಕಡೆಯ ತಾಯಿಯೊಬ್ಬರಿಗೆ ಈ ಕ್ರೀಮಿನ ವಿಷಯ ಹೇಳಿ, "ಒಂದು ತಾಸು ಮೊದಲೇ ಹಚ್ಚಬೇಕು, ಇಲ್ಲಿ ಅದೇ ಆಗ್ತಾ ಇಲ್ಲ" ಎಂದಾಗ ಆಕೆ ಕೇಳಿದ್ದು, "ಮನಿಯಾಗ ನಾನ ಹಚ್ಚಿಕೊಂಡು ಬಂದ್ರ ನಡೀತೈತೇನ್ರೀ, ಬಾಯಾರ?"

ನಡೆಯುತ್ತದೆ. ಡೊಂಬಿವಲಿಯಿಂದ ಪರೇಲಿಗೆ ಲೋಕಲ್ ರೈಲಿನಲ್ಲಿ ಬರಲು ಹೆಚ್ಚುಕಡಿಮೆ ಒಂದು ಗಂಟೆ. ಆಸ್ಪತ್ರೆಯೊಳಗೆ ಸಿಗದ ಸಮಯ ದಾರಿಯಲ್ಲೇ ಸಿಕ್ಕಿತು. ಹಿಂದಿನ ಭೇಟಿಯಲ್ಲೇ ಸಿಸ್ಟರ್ ಪೆನ್ನಿನಿಂದ ಎರಡು ಕೈ ಮೇಲೂ ಒಂದೊಂದು ಗುರುತು ಹಾಕಿ ಅಮ್ಮನಿಗೆ ತೋರಿಸಬೇಕು, ಎಷ್ಟು ಹಚ್ಚಬೇಕೆಂದು ಡಾಕ್ಟರು ಬರೆದುಕೊಡಬೇಕು, ರಕ್ತ ತೆಗೆಯುವವರು ಗುರುತಿದ್ದ ಕಡೆಯೇ ಚುಚ್ಚಬೇಕು. ಅಳತೆ ಬರೆಸಿಕೊಳ್ಳದೆ ಯಾರೂ ಇದನ್ನು ಮಾಡಬೇಡಿ. ಎಳೆಯ ಕೂಸುಗಳಿಗೆ ಪ್ರಿಲೊಕೇನ್ ಜಾಸ್ತಿಯಾದರೆ ರಕ್ತ ಆಮ್ಲಜನಕ ಒಯ್ಯುವುದಕ್ಕೇ ತೊಂದರೆಯಾಗುತ್ತದೆ. ಒಂದು ಕ್ರೀಮಿಗೆ ನಾಲ್ಕು ಜನ ಒಪ್ಪಿ ನಿಂತರೆ ಮಾತ್ರ ಅದು ಮಗುವಿನ ಕೈಗೆ ಮುಟ್ಟುತ್ತದೆ.

ಈ ಕ್ಷೇತ್ರದಲ್ಲಿ ದೊಡ್ಡ ಬದಲಾವಣೆ ಆದದ್ದೂ ಹೀಗೆಯೇ, ಬೇರೆ ಬೇರೆ ಕಡೆಯವರು ಸೇರಿದಾಗ. 1980ರ ದಶಕದವರೆಗೂ, ಹುಟ್ಟಿದ ಕೂಸಿನ ನರಮಂಡಲ ಬಲಿತಿರುವುದಿಲ್ಲ, ಅದಕ್ಕೆ ನಮ್ಮ ಹಾಗೆ ನೋವಾಗುವುದಿಲ್ಲ ಎಂದು ವೈದ್ಯರೇ ನಂಬಿದ್ದರು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಸ್ನಾಯು ಅಲುಗದಂತೆ ಔಷಧಿ ಕೊಟ್ಟು, ನೋವಿಗೆ ಏನೂ ಕೊಡದೆ, ಆಪರೇಷನ್ ಮಾಡಿದ್ದುಂಟು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್, ಆಪರೇಷನ್ನಿಗೆ ಹೋದ ಕೂಸುಗಳು ವಾಪಸು ಬರುವಾಗ ಯಾಕಿಷ್ಟು ಕಂಗೆಟ್ಟಿರುತ್ತವೆ ಎಂದು ಹುಡುಕಲು ಹೊರಟರು. ಹೃದಯದ ಹತ್ತಿರದ ನಾಳ ಮುಚ್ಚುವ ಆಪರೇಷನ್ನಿಗೆ ಹೋಗುವ ಕೂಸುಗಳಲ್ಲಿ ಕೆಲವಕ್ಕೆ ಫೆಂಟನಿಲ್ ಎಂಬ ಬಲವಾದ ನೋವಿನ ಔಷಧಿ ಸೇರಿಸಿ ಕೊಟ್ಟು ಹೋಲಿಸಿದರು. ಕೊಟ್ಟ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ, ಆಮೇಲಿನ ತೊಂದರೆಗಳೂ ಕಡಿಮೆ. 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಬಂತು. ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಜಿಲ್ ಲಾಸನ್ ಎಂಬ ತಾಯಿ, 1985ರಲ್ಲಿ ತನ್ನ ಕೂಸಿಗೆ ನೋವಿನ ಔಷಧಿ ಕೊಡದೆಯೇ ಆಪರೇಷನ್ ಮಾಡಿದ್ದರು ಎಂದು ತಿಳಿದು ಸುಮ್ಮನಿರಲಿಲ್ಲ. ಪತ್ರದ ಮೇಲೆ ಪತ್ರ ಬರೆದರು, ಪತ್ರಿಕೆಗಳಿಗೆ ಹೇಳಿದರು. 1987ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಎಳೆಗೂಸುಗಳಿಗೂ ಅರಿವಳಿಕೆ ಕೊಡಬೇಕೆಂದು ಹೇಳಿತು. ಸಂಶೋಧಕನೊಬ್ಬನ ಅಂಕಿ-ಅಂಶವೊಂದರಿಂದಲೇ ಇಷ್ಟು ಬೇಗ ಆಗುತ್ತಿರಲಿಲ್ಲ, ತಾಯಿಯ ಕೋಪವೊಂದರಿಂದಲೂ ಆಗುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ನೋವನ್ನು ಅಳೆಯುವ ವಿಷಯಕ್ಕೆ ಬಂದರೆ ತಾಯಿಯ ಪಾಲು ಇನ್ನೂ ದೊಡ್ಡದು. ಸುಮಾರು ಎಂಟು ವರ್ಷ ದಾಟಿದ ಮಗು ಸೊನ್ನೆಯಿಂದ ಹತ್ತರೊಳಗೆ ಅಂಕ ಹೇಳಬಲ್ಲದು. ನಾಲ್ಕೈದು ವರ್ಷದವರಿಗೆ ಮುಖಗಳ ಚಿತ್ರ ತೋರಿಸುತ್ತೇವೆ. ಅದಕ್ಕಿಂತ ಸಣ್ಣವರಿಗೆ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನಕ್ಕೆ ಬಗ್ಗುವುದು, ಈ ಐದನ್ನು ನೋಡಿ ಅಂಕ ಕೊಡುವ 'ಫ್ಲಾಕ್' ಎಂಬ ಪಟ್ಟಿ ಇದೆ. ಸೂಜಿ, ಆಪರೇಷನ್ನಿನ ನೋವಿಗೆ ಅದು ಒಳ್ಳೆಯದೇ. ದಿನಗಟ್ಟಲೆ ಕಾಡುವ ನೋವಿಗೆ ಅದನ್ನೇ ನಂಬಿಕೊಂಡರೆ ಮೋಸಹೋಗುತ್ತೇವೆ.

ವಾರ್ಡಿನಲ್ಲಿ ಒಬ್ಬ ಹುಡುಗ, ಆರು ವರ್ಷದವನು. ಚಾರ್ಟಿನಲ್ಲಿ 'ಆರಾಮಿದ್ದಾನೆ, ಅಳುತ್ತಿಲ್ಲ' ಎಂದು ಬರೆದಿತ್ತು. ನಿಜ, ಅಳುತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ, ಮೊಣಕಾಲು ಸ್ವಲ್ಪ ಮಡಿಸಿ ಮಲಗಿದ್ದ. ಕರೆದರೆ ಕಣ್ಣು ಮಾತ್ರ ಈ ಕಡೆ ಹೊರಳುತ್ತಿತ್ತು, ಕತ್ತು ಹೊರಳುತ್ತಿರಲಿಲ್ಲ. ಸೊಳ್ಳೆ ಕೂತರೂ ಕೈ ಎತ್ತಲಿಲ್ಲ. ಅವ್ವನನ್ನು ಕೇಳಿದೆ. "ನಿನ್ನಿಯಿಂದ ಮೊಬೈಲ್ ಕೇಳವಲ್ಲನ್ರೀ" ಎಂದರು. ಅಷ್ಟು ಸಾಕಿತ್ತು. ನೋವು ಮಿತಿಮೀರಿದಾಗ ಸಣ್ಣ ಮಕ್ಕಳು ಚೀರುವುದನ್ನು ಬಿಟ್ಟು ಕಲ್ಲಾಗಿಬಿಡುತ್ತಾರೆ. ಅಲುಗಿದರೆ ನೋವು, ಅದಕ್ಕೆ ಅಲುಗುವುದಿಲ್ಲ. ಪ್ಯಾರಿಸ್ ಹತ್ತಿರದ ಗುಸ್ತಾವ್ ರೂಸ್ಸಿ ಕ್ಯಾನ್ಸರ್ ಸಂಸ್ಥೆಯ ಆನಿ ಗೋವೆನ್-ಪಿಕಾರ್ ಮತ್ತು ಸಂಗಡಿಗರು ಎರಡರಿಂದ ಆರು ವರ್ಷದ ಕ್ಯಾನ್ಸರ್ ಮಕ್ಕಳನ್ನು ಹೀಗೆ ಗಮನಿಸಿ, ಈ ನಿಶ್ಚಲತೆಯನ್ನೂ ನೋವಿನ ಲಕ್ಷಣವಾಗಿ ಸೇರಿಸಿದ ಅಳತೆಪಟ್ಟಿಯನ್ನು 1987ರಲ್ಲೇ ಪ್ರಕಟಿಸಿದ್ದರು. ಆ ಹುಡುಗನಿಗೆ ಮಾರ್ಫಿನ್ ಶುರು ಮಾಡಿದೆವು. ಮರುದಿನ ಸಂಜೆ ಫೋನಿಗಾಗಿ ಅವ್ವನ ಜೊತೆ ಜಗಳಕ್ಕೆ ನಿಂತ. ಈಗ ನಮ್ಮ ಸಿಸ್ಟರುಗಳು ಅಂಕದ ಜೊತೆಗೆ 'ಅಮ್ಮ ಏನಂತಾರೆ' ಎಂದು ಒಂದು ಸಾಲು ಬರೆಯುತ್ತಾರೆ. ಭಾಷೆ ಬಾರದಿದ್ದರೆ ವಾರ್ಡಿನ ಕೆಲಸದವರಲ್ಲಿ ಕನ್ನಡ ಬಲ್ಲ ಮಾವಶಿಯನ್ನೋ ಮಾಮಾನನ್ನೋ ಕರೆದು ಕೇಳುತ್ತಾರೆ.

ಉರಿ, ಜುಮುಜುಮು, ಕರೆಂಟು ಹೊಡೆದ ಹಾಗೆ ಎಂದು ಮಗು ಹೇಳಿದರೆ ಅದನ್ನು ಹಾಗೆಯೇ ಡಾಕ್ಟರಿಗೆ ಹೇಳಿ. ವಿಂಕ್ರಿಸ್ಟಿನ್‌ನಂಥ ಕೀಮೋ ಔಷಧಿಗಳು ನರಕ್ಕೆ ಪೆಟ್ಟು ಕೊಡುತ್ತವೆ. ನರದ ನೋವಿಗೆ ಔಷಧಿಯೇ ಬೇರೆ.

ಔಷಧಿಯ ಮಾತು. ಸಣ್ಣ ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೇನ್. ಕ್ಯಾನ್ಸರಿನ ಜೋರು ನೋವಿಗೆ ಮಾರ್ಫಿನ್. (ಕೀಮೋ ನಡೆಯುತ್ತಿರುವ ಮಗುವಿಗೆ ಇವನ್ನೂ ಕೇಳದೆ ಕೊಡಬಾರದು. ಪ್ಯಾರಾಸಿಟಮಾಲ್ ಜ್ವರವನ್ನು ಮರೆಮಾಡುತ್ತದೆ, ಐಬುಪ್ರೊಫೇನ್ ರಕ್ತಸ್ರಾವ ಹೆಚ್ಚಿಸಬಹುದು.) ನಡುವೆ ಮೊದಲು ಕೋಡೀನ್ ಇತ್ತು. ಅದನ್ನು ಯಕೃತ್ತು ಮಾರ್ಫಿನ್ನಾಗಿ ಬದಲಿಸಿದರೆ ಮಾತ್ರ ಕೆಲಸ. ಕೆಲವು ಮಕ್ಕಳಲ್ಲಿ ಅದು ಬದಲಾಗುವುದೇ ಇಲ್ಲ, ಕೆಲವರಲ್ಲಿ ಉಸಿರಿಗೇ ಅಪಾಯವಾಗುವಷ್ಟು ವೇಗವಾಗಿ ಬದಲಾಗುತ್ತದೆ. ಹಾಗಾಗಿ 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕೈಪಿಡಿಯಲ್ಲಿ, ಮಕ್ಕಳಿಗೆ ಈ ಮೂರು ಮೆಟ್ಟಿಲಿನ ಬದಲು ನಡುವಿನದನ್ನು ಬಿಟ್ಟು ಎರಡೇ ಮೆಟ್ಟಿಲು ಸಾಕೆಂದಿತು. ಔಷಧ ಕಂಪನಿಗಳ ಪ್ರಭಾವದ ಆರೋಪ ಬಂದು 2019ರಲ್ಲಿ ಆ ಕೈಪಿಡಿಯನ್ನು ಹಿಂದಕ್ಕೆ ಪಡೆಯಿತು. 2020ರಲ್ಲಿ ಬಂದ ಹೊಸದು ವ್ಯಾಯಾಮ, ಮನಸ್ಸಿಗೆ ನೆರವು, ಔಷಧಿ ಮೂರನ್ನೂ ಜೊತೆಗಿಡುತ್ತದೆ. ಜೀವಕ್ಕೆ ಕುತ್ತಾದ ಕಾಯಿಲೆಯ ಮಕ್ಕಳಿಗೆ ಮಾರ್ಫಿನ್ ಕೊಡಬಹುದೆಂದೂ ಹೇಳುತ್ತದೆ. ಅಮೆರಿಕದಲ್ಲಿ ಮಾರ್ಫಿನ್ ಜಾತಿಯ ಮಾತ್ರೆಗಳ ಚಟ ಹತ್ತಿ ಆದ ಅನಾಹುತ ನಿಜ. ಅದರ ಭಯಕ್ಕೆ ಇಲ್ಲಿ ಮೂಳೆಯ ಗೆಡ್ಡೆಯಿಂದ ನರಳುವ ಮಗುವಿಗೆ ಮಾರ್ಫಿನ್ ತಪ್ಪಿಸುವುದು ಅನ್ಯಾಯ. ಮಾರ್ಫಿನ್ ತೆಗೆಯುವ ಅಫೀಮನ್ನು ಕಾನೂನು ರೀತಿಯಲ್ಲಿ ಬೆಳೆಯುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು. ಆದರೂ 1985ರ ಮಾದಕವಸ್ತು ಕಾಯ್ದೆಯಿಂದಾಗಿ ಮಾರ್ಫಿನ್ ಇಡಲು ಆಸ್ಪತ್ರೆಗಳು ಹಲವು ಪರವಾನಗಿಗಳಿಗೆ ಅಲೆಯಬೇಕಿತ್ತು. ಗಂಭೀರ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಉಪಶಮನ ವೈದ್ಯರು, ವಕೀಲರು, ಅಧಿಕಾರಿಗಳು ವರ್ಷಾನುಗಟ್ಟಲೆ ಬೆನ್ನುಬಿದ್ದು 2014ರಲ್ಲಿ ತಿದ್ದುಪಡಿ ತಂದರು. ಈಗ ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ ಸಾಕು. ಎಷ್ಟೋ ಆಸ್ಪತ್ರೆಗಳು ಅದಕ್ಕೂ ಅರ್ಜಿ ಹಾಕಿಲ್ಲವೆಂಬುದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಒಟ್ಟಾಗಿ ಮಾಡುವುದು ಹೇಗೆಂಬುದಕ್ಕೆ ಕೆನಡಾದ ಕೆಲಸ ನೋಡುವಂಥದ್ದು. ಹ್ಯಾಲಿಫ್ಯಾಕ್ಸಿನ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನ್ ಚೇಂಬರ್ಸ್ ಮುಂದಾಳುತನದಲ್ಲಿ 2019ರಲ್ಲಿ 'ಸೊಲ್ಯೂಷನ್ಸ್ ಫಾರ್ ಕಿಡ್ಸ್ ಇನ್ ಪೇನ್' ಎಂಬ ಜಾಲ ಶುರುವಾಯಿತು. ಹೊಸ ಔಷಧಿ ಹುಡುಕುವುದು ಅದರ ಗುರಿಯಲ್ಲ. ಗೊತ್ತಿರುವುದನ್ನು ಹಾಸಿಗೆಯ ಬಳಿಗೆ ತಲುಪಿಸುವುದು. ಆಸ್ಪತ್ರೆಗಳು, ಸಂಶೋಧಕರು, ಅಪ್ಪ-ಅಮ್ಮಂದಿರು ಒಂದೇ ಮೇಜಿನಲ್ಲಿ ಕೂರುತ್ತಾರೆ. 2023ರಲ್ಲಿ ಆ ದೇಶ ಮಕ್ಕಳ ನೋವಿನ ಚಿಕಿತ್ಸೆಗೆ ರಾಷ್ಟ್ರೀಯ ಮಾನದಂಡವನ್ನೇ ಪ್ರಕಟಿಸಿತು. ಅದಕ್ಕೂ ಮೊದಲು ಅಲ್ಲಿ ನಡೆದ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ದೀರ್ಘಕಾಲದ ನೋವಿರುವ ಮಕ್ಕಳ ಬಗ್ಗೆ ಮುಂದೆ ಯಾವ ಪ್ರಶ್ನೆಗಳನ್ನು ಸಂಶೋಧಿಸಬೇಕು ಎಂಬುದನ್ನು ವೈದ್ಯರು ಮಾತ್ರ ನಿರ್ಧರಿಸದೆ, ನೋವುಂಡ ಮಕ್ಕಳನ್ನೂ ಮನೆಯವರನ್ನೂ ಕೂರಿಸಿಕೊಂಡು ಹತ್ತು ಪ್ರಶ್ನೆಗಳನ್ನು ಆರಿಸಿದರು.

ನಮ್ಮಲ್ಲೂ ಅಡಿಪಾಯ ಇಲ್ಲವೆಂದಲ್ಲ. 2010ರಲ್ಲಿ ಬ್ರಿಟನ್ ಸರ್ಕಾರದ ನೆರವಿನಿಂದ, ಟಾಟಾ ಸ್ಮಾರಕ ಕೇಂದ್ರ ಮತ್ತು ಭಾರತೀಯ ಉಪಶಮನ ಚಿಕಿತ್ಸಾ ಸಂಘ ಸೇರಿ ಮಹಾರಾಷ್ಟ್ರದಲ್ಲಿ ಮಕ್ಕಳ ಉಪಶಮನ ಯೋಜನೆ ಆರಂಭಿಸಿದವು. ಮೇರಿ ಆ್ಯನ್ ಮುಕಾಡೆನ್ ಅವರಂಥವರು ಟಾಟಾದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದ್ದರು. ಆದಿವಾಸಿಗಳ ಜವ್ಹಾರ್‌ನಲ್ಲೂ, ಧಾರಾವಿಯ ಪಕ್ಕದ ಸಾಯನ್ ಆಸ್ಪತ್ರೆಯಲ್ಲೂ ಅದು ನಡೆಯಿತು. 2012ರಿಂದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನು ಜೋಡಿಸಿದೆ. ಆ ಆಸ್ಪತ್ರೆಗಳೆಲ್ಲ ಮಕ್ಕಳ ನೋವಿನ ಅಂಕವನ್ನು ಒಂದೇ ರೀತಿಯಲ್ಲಿ ದಾಖಲಿಸಿದರೆ, ಒಂದು ಆಸ್ಪತ್ರೆಯ ಬೆರಳೆಣಿಕೆಯ ಮಕ್ಕಳಿಂದ ಉತ್ತರ ಸಿಗದ ಪ್ರಶ್ನೆಗಳಿಗೆ ಎಲ್ಲ ಕಡೆಯ ಮಕ್ಕಳಿಂದ ಉತ್ತರ ಸಿಕ್ಕೀತು. ಕೇಳಬೇಕಾದ ಪ್ರಶ್ನೆಗಳನ್ನು ಅಮ್ಮಂದಿರಿಂದ ಅವರವರ ಭಾಷೆಯಲ್ಲೇ ಸಂಗ್ರಹಿಸಬೇಕು. ಮುಂಬೈಯ ಕನ್ನಡ ಸಂಘಗಳು ಇದಕ್ಕೆ ಸ್ವಯಂಸೇವಕರನ್ನು ಕೊಡಬಹುದು.

ಆರೋಗ್ಯವಂತ ಮಕ್ಕಳ ಲಸಿಕೆಗೂ ಇದೇ ಮಾತು ಸಲ್ಲುತ್ತದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಸರಳ: ಕೂಸಿಗೆ ಹಾಲೂಡಿಸುತ್ತ ಚುಚ್ಚಿಸಿ. ದೊಡ್ಡ ಮಗುವನ್ನು ಮಲಗಿಸಿ ಅದುಮಿ ಹಿಡಿಯಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಿ. ಹೆಚ್ಚು ನೋಯುವ ಸೂಜಿ ಕೊನೆಗಿರಲಿ. "ನೋವೇ ಆಗಲ್ಲ" ಎಂದು ಸುಳ್ಳು ಹೇಳಬೇಡಿ. ಹಟ ಮಾಡಿದಾಗ "ಇಂಜೆಕ್ಷನ್ ಚುಚ್ಚಿಸ್ತೀನಿ ನೋಡು" ಎಂದು ಹೆದರಿಸಲೂ ಬೇಡಿ ಎಂಬುದು ನನ್ನ ಸೇರ್ಪಡೆ. ವಾಪಸು ಹೋಗುವಾಗ ಆಡುವ ಮಾತೂ ಮುಖ್ಯ. ಕ್ಯಾಲ್ಗರಿಯ ಮೆಲಾನಿ ನೋಯೆಲ್ ಮತ್ತು ತಂಡದವರು ತೋರಿಸಿರುವಂತೆ, ಆದ ನೋವಿನ ಬಗ್ಗೆ ಅಪ್ಪ-ಅಮ್ಮ ಹೇಗೆ ಮಾತಾಡುತ್ತಾರೆ ಎಂಬುದರ ಮೇಲೆ ಮಗುವಿನ ನೆನಪು ರೂಪುಗೊಳ್ಳುತ್ತದೆ. "ಎಷ್ಟು ಅತ್ತೆಯಲ್ಲೋ" ಎನ್ನುವ ಬದಲು "ಕೈ ಅಲ್ಲಾಡಿಸದೆ ಹೇಗೆ ಕೂತಿದ್ದೆ" ಎಂದರೆ ಮುಂದಿನ ಸಲ ಅಷ್ಟು ಹೆದರುವುದಿಲ್ಲ.

ಕೊನೆಗೆ, ಊರಿಗೆ ಹೊರಡುವವರಿಗೆ. ಮುಂಬೈಯಲ್ಲಿ ಮಾರ್ಫಿನ್‌ನಿಂದ ಹದಕ್ಕೆ ಬಂದ ನೋವು, ಊರಲ್ಲಿ ಮಾತ್ರೆ ಮುಗಿದ ದಿನ ಮತ್ತೆ ಏಳುತ್ತದೆ. ಮಾತ್ರೆ ಒಮ್ಮೆಲೇ ನಿಂತರೆ ಮೈಯೂ ಒದ್ದಾಡುತ್ತದೆ. ಅದಕ್ಕೇ ಡಿಸ್ಚಾರ್ಜಿಗೆ ಮೊದಲೇ, ನಿಮ್ಮ ಜಿಲ್ಲೆಯಲ್ಲಿ ಅಥವಾ ಹತ್ತಿರದ ಜಿಲ್ಲೆಯಲ್ಲಿ ಮಾರ್ಫಿನ್ ಇಟ್ಟಿರುವ ಆಸ್ಪತ್ರೆ ಯಾವುದೆಂದು ನಮ್ಮಿಂದಲೇ ಫೋನ್ ಮಾಡಿಸಿ ಖಚಿತ ಮಾಡಿಕೊಳ್ಳಿ. ಅಲ್ಲಿನ ಡಾಕ್ಟರಿಗೆ ಒಂದು ಪತ್ರ, ನಿಮಗೆ ಕನ್ನಡದಲ್ಲಿ ಒಂದು ಚೀಟಿ ಕೇಳಿ ಪಡೆಯಿರಿ. ಎಷ್ಟು ಗಂಟೆಗೊಮ್ಮೆ ಕೊಡಬೇಕು, ನಡುವೆ ನೋವೆದ್ದರೆ ಎಷ್ಟು, ಮಲಬದ್ಧತೆಗೆ ಯಾವ ಔಷಧಿ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಎಲ್ಲಿಗೆ ಓಡಬೇಕು, ಇವಿಷ್ಟೂ ಅದರಲ್ಲಿರಬೇಕು. ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆಸಿಕೊಳ್ಳಿ.