ಓದುಗರ ಪ್ರಶ್ನೆ: ಫಿಲಡೆಲ್ಫಿಯಾ ಸಭೆಗೆ ಹೋಗಲು ವಾಷಿಂಗ್ಟನ್ ಅಷ್ಟೊಂದು ಮೀನಮೇಷ ಎಣಿಸಿದ್ದು ಯಾಕೆ?

"ಅಮೆರಿಕದ ಸಂವಿಧಾನ ರೂಪಿಸಿದ 1787ರ ಸಭೆಗೆ ಜಾರ್ಜ್ ವಾಷಿಂಗ್ಟನ್ ಮೊದಲು ಬರಲ್ಲ ಅಂದಿದ್ದರಂತೆ. ನಿಜವಾ?"

ನಿಜ. ವರ್ಜೀನಿಯಾ ರಾಜ್ಯ ಅವರನ್ನು ತನ್ನ ಪ್ರತಿನಿಧಿಯಾಗಿ ಆರಿಸಿದ್ದು 1786ರ ಡಿಸೆಂಬರ್‌ನಲ್ಲಿ. ಅವರು ಹೂಂ ಅಂದದ್ದು ಮಾರ್ಚ್ ಕೊನೆಗೆ. ಅದೂ ಆರೋಗ್ಯ ಸರಿ ಇದ್ದರೆ ಮಾತ್ರ ಅಂತ.

ಆರೋಗ್ಯ ಬರೀ ನೆಪವಾಗಿರಲಿಲ್ಲ. ಆರು ತಿಂಗಳಿಂದ ಕೀಲುನೋವು ಬೆನ್ನು ಬಿಟ್ಟಿರಲಿಲ್ಲ. ಒಮ್ಮೊಮ್ಮೆ ಕೈಯನ್ನು ತಲೆವರೆಗೆ ಎತ್ತುವುದೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟ ಎಂದು ಗವರ್ನರ್ ರಾಂಡಾಲ್ಫ್‌ಗೆ ಬರೆದಿದ್ದರು. ಜೊತೆಗೊಂದು ಮುಜುಗರ. ಹಳೆಯ ಸೇನಾಧಿಕಾರಿಗಳ ಸಂಘ ಅದೇ ಮೇ ತಿಂಗಳು ಅದೇ ಊರಲ್ಲಿ ಸೇರುವುದಿತ್ತು. ಅವರಿಗೆ ಆಗಲೇ ಬರಲ್ಲ ಎಂದು ಕಾಗದ ಹೋಗಿತ್ತು. ಈಗ ಇದಕ್ಕೆ ಹೋದರೆ ಅವರು ಏನಂದುಕೊಂಡಾರು?

ನನ್ನ ಪ್ರಕಾರ ಅಸಲಿ ಅಳುಕು ಬೇರೆ: ಜನವೇ ಬಾರದಿದ್ದರೆ? ವ್ಯಾಪಾರದ ಬಗ್ಗೆ ಮಾತಾಡಲು ಹಿಂದಿನ ಸೆಪ್ಟೆಂಬರ್‌ನಲ್ಲಿ ಅನಾಪೊಲಿಸ್‌ನಲ್ಲಿ ಕರೆದ ಸಭೆಗೆ ಬಂದದ್ದು 13ರಲ್ಲಿ 5 ರಾಜ್ಯ. ಎಲ್ಲ ರಾಜ್ಯಗಳ ಕೇಂದ್ರ ಸಭೆಯಾದ ಕಾಂಗ್ರೆಸ್‌ಗೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ, ರಾಜ್ಯಗಳನ್ನು ಸುಮ್ನೆ ಕೇಳಬೇಕಿತ್ತು, ಕೊಟ್ಟರೆ ಉಂಟು. ರಾಜ್ಯಗಳನ್ನು ಒಂದುಗೂಡಿಸಿದ್ದ ಕರಾರನ್ನು ತಿದ್ದಲು 13 ರಾಜ್ಯಗಳೂ ಒಪ್ಪಬೇಕಿತ್ತು. ಆಮದಿನ ಮೇಲೆ ಶೇ 5 ಸುಂಕ ಹಾಕೋಣ ಎಂದಾಗ ಪುಟ್ಟ ರೋಡ್ ಐಲೆಂಡ್ ಒಂದೇ ಅಡ್ಡಗಾಲು ಹಾಕಿತ್ತು. ಫಿಲಡೆಲ್ಫಿಯಾ ಸಭೆಗಂತೂ ಅದು ಯಾರನ್ನೂ ಕಳಿಸಲೇ ಇಲ್ಲ. ಕಾಂಗ್ರೆಸ್ ಕೊಟ್ಟ ಒಪ್ಪಿಗೆಯೂ ಆ ಹಳೆಯ ಕರಾರನ್ನು ತಿದ್ದುವುದಕ್ಕಷ್ಟೇ. ವರ್ಜೀನಿಯಾದ ಹೆಸರಾಂತ ನಾಯಕ ಪ್ಯಾಟ್ರಿಕ್ ಹೆನ್ರಿ ಆಯ್ಕೆಯಾದರೂ ಹೋಗಲಿಲ್ಲ. ಇಂಥ ಸಭೆ ಠುಸ್ ಅಂದರೆ ಸ್ವಾತಂತ್ರ್ಯ ಯುದ್ಧದಲ್ಲಿ ಗಳಿಸಿದ ಹೆಸರೂ ಹೋದಂತೆಯೇ ಅಲ್ವಾ?

ಇನ್ನೊಂದು ಕಡೆ, ಮ್ಯಾಸಚೂಸೆಟ್ಸ್‌ನಲ್ಲಿ ಸಾಲದಲ್ಲಿ ಮುಳುಗಿದ ರೈತರು ದಂಗೆ ಎದ್ದು, ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರಕ್ಕೇ ನುಗ್ಗಲು ಹೋಗಿದ್ದರು. ಹೀಗೇ ಬಿಟ್ಟರೆ ದೇಶ ಉಳಿಯಲ್ಲ ಎಂಬ ದಿಗಿಲು ಜಾಸ್ತಿಯಾಯಿತು. ಗೆಳೆಯ ಹಂಫ್ರೀಸ್ ಹೋಗಬೇಡಿ ಎಂದಿದ್ದರು. ಮಾರ್ಚ್‌ನಲ್ಲಿ ವಾಷಿಂಗ್ಟನ್ ಇನ್ನೊಬ್ಬ ಗೆಳೆಯ ನಾಕ್ಸ್‌ರನ್ನು ನೇರವಾಗಿ ಕೇಳಿದರು: ನಾನು ಹೋಗದಿದ್ದರೆ ಗಣರಾಜ್ಯದ ಕೈಬಿಟ್ಟೆ ಅಂದುಕೊಳ್ಳುತ್ತಾರಾ? ಹೋಗಿ ಎಂದರು ನಾಕ್ಸ್.

ಮೇ 13ಕ್ಕೆ ಫಿಲಡೆಲ್ಫಿಯಾ ಗಂಟೆ ಬಾರಿಸಿ ಅವರನ್ನು ಬರಮಾಡಿಕೊಂಡಿತು. ಮರುದಿನ ಸಭೆ ಶುರುವಾಗಬೇಕು, ನೋಡಿದರೆ ಬಂದದ್ದು ಎರಡೇ ರಾಜ್ಯ! ಸಭೆ ನಡೆಸಲು ಬೇಕಾದ ಏಳು ರಾಜ್ಯ ಸೇರುವ ಹೊತ್ತಿಗೆ ಮೇ 25 ಆಯಿತು. ಅಂದು ಅಧ್ಯಕ್ಷ ಸ್ಥಾನಕ್ಕೆ ವಾಷಿಂಗ್ಟನ್ ಹೆಸರು ಹೇಳಬೇಕಿದ್ದವರು 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್. ಜೋರು ಮಳೆ, ಅವರಿಗೆ ಮೈ ಬೇರೆ ಸರಿಯಿರಲಿಲ್ಲ. ಹಾಗಾಗಿ ಹೆಸರು ಹೇಳಿದ್ದು ಇನ್ನೊಬ್ಬ ಪ್ರತಿನಿಧಿ ರಾಬರ್ಟ್ ಮೋರಿಸ್.